ಬಾಕಿ ವಸೂಲಿಯ ದಾವೆಗೆ ಎಂಥ ವಕೀಲರು ಬೇಕು?

ಪ್ರಶ್ನೆ: ನಮ್ಮದು ಬೆಳಗಾವಿ ಉದ್ಯಮಬಾಗ್‌ನಲ್ಲಿ ಸಣ್ಣ ಫೌಂಡ್ರಿ. ಬೆಂಗಳೂರಿನ ಪೀಣ್ಯದ ಒಂದು ಕಂಪನಿಗೆ ವರ್ಷಗಟ್ಟಲೆ ಕಾಸ್ಟಿಂಗ್ (ಎರಕದ ಮಾಲು) ಕಳಿಸಿದ್ದೇವೆ. ಈಗ 38 ಲಕ್ಷ ರೂಪಾಯಿ ಬಾಕಿ ಇದೆ. ಕೊನೆಯ ಇನ್‌ವಾಯ್ಸ್ ಕಳಿಸಿ 2 ವರ್ಷ 4 ತಿಂಗಳಾಯಿತು. ಕೇಳಿದರೆ, ಮಾಲಿನಲ್ಲಿ ಬ್ಲೋ ಹೋಲ್ (ಗಾಳಿಯ ತೂತು) ಇತ್ತು, ರಿಜೆಕ್ಟ್ ಆಗಿದೆ ಎಂದು, ಬಾಕಿಯಲ್ಲಿ ಹಣ ಕಡಿತ ಮಾಡಿದ ಒಂದು ಡೆಬಿಟ್ ನೋಟ್ ತೋರಿಸುತ್ತಾರೆ. ನಮ್ಮ ತಂದೆಯವರ ಕಾಲದಿಂದ ಜಮೀನಿನ ವ್ಯಾಜ್ಯ ನೋಡಿಕೊಂಡು ಬಂದ ವಕೀಲ ಸಾಹೇಬರು ‘ನಾನೇ ಹಾಕ್ತೀನಿ’ ಅನ್ನುತ್ತಾರೆ. ಅಳಿಯ ಮಾತ್ರ, ಇದಕ್ಕೆ ಬೆಂಗಳೂರಿನ ಸ್ಪೆಷಲಿಸ್ಟೇ ಬೇಕು ಎಂದು ಒಬ್ಬರ ಪ್ರೊಫೈಲ್ ಕಳಿಸಿದ್ದಾರೆ. ಅದರಲ್ಲಿ ‘ಕಮರ್ಷಿಯಲ್ ಲಿಟಿಗೇಷನ್ ಅಟಾರ್ನಿ, ಲಂಡನ್‌ನಲ್ಲಿ ಎಲ್‌ಎಲ್‌ಎಂ, 20 ವರ್ಷದ ಅನುಭವ, ಶೇ 95 ಗೆಲುವು’ ಎಂದಿದೆ. ಬಂದ ಹಣದಲ್ಲಿ ಶೇ 20 ಕೊಟ್ಟರೆ ಸಾಕಂತೆ. ಒಬ್ಬ ವಕೀಲರ ಹಿನ್ನೆಲೆಯನ್ನು ನಮ್ಮಂಥವರು ಅಳೆಯುವುದು ಹೇಗೆ?

ಉತ್ತರ: ಪ್ರೊಫೈಲ್ ವಿಷಯಕ್ಕೆ ಬರುವ ಮೊದಲು ನಿಮ್ಮ ಪ್ರಶ್ನೆಯಲ್ಲಿರುವ ತಾರೀಖಿನ ಬಗ್ಗೆ ಹೇಳಿಬಿಡುತ್ತೇನೆ. ಮಾರಿದ ಮಾಲಿನ ಹಣಕ್ಕೆ ದಾವೆ ಹಾಕಲು ಇರುವ ಅವಧಿ 3 ವರ್ಷ. ಕೊನೆಯ ಇನ್‌ವಾಯ್ಸ್‌ಗೆ ನಿಮಗಿನ್ನೂ ಎಂಟು ತಿಂಗಳಿದೆ ಅನ್ನಿಸಬಹುದು. ಆದರೆ ಸಾಮಾನ್ಯವಾಗಿ ಪ್ರತಿ ಇನ್‌ವಾಯ್ಸ್‌ನ ಗಡಿಯಾರವೂ ಬೇರೆ ಬೇರೆ ಓಡುತ್ತದೆ. ಹಣ ಕೊಡಲು ಇಂತಿಷ್ಟು ದಿನ ಎಂದು ಗೊತ್ತುಮಾಡಿದ್ದರೆ ಆ ಗಡುವು ಮುಗಿದ ದಿನದಿಂದ, ಇಲ್ಲದಿದ್ದರೆ ಮಾಲು ತಲುಪಿದ ದಿನದಿಂದ ಲೆಕ್ಕ. ಹಾಗಾಗಿ 38 ಲಕ್ಷದಲ್ಲಿ ಹಳೆಯ ಇನ್‌ವಾಯ್ಸ್‌ಗಳ ಒಂದು ಪಾಲು ಈಗಾಗಲೇ ಅಂಚಿಗೆ ಬಂದಿರಬಹುದು, ದಾಟಿಯೂ ಇರಬಹುದು. ಅವಧಿ ಮುಗಿಯುವ ಮೊದಲು ಅವರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದ್ದರೆ ಅಲ್ಲಿಂದ ಮತ್ತೆ 3 ವರ್ಷ ಸಿಗುತ್ತದೆ. ಭಾಗಶಃ ಹಣ ಕೊಟ್ಟು ಅದಕ್ಕೆ ಅವರ ಕೈಬರಹವೋ ಸಹಿಯೋ ಇದ್ದರೂ ಹಾಗೆಯೇ. ವಕೀಲರು ಯಾರೇ ಆಗಲಿ, ಮೊದಲ ಭೇಟಿಯಲ್ಲೇ ಇನ್‌ವಾಯ್ಸ್‌ವಾರು ತಾರೀಖಿನ ಪಟ್ಟಿ ಕೇಳಬೇಕು. ಅದನ್ನು ಕೇಳದೆ ‘ಕೇಸ್ ಸ್ಟ್ರಾಂಗ್ ಇದೆ, ವಕಾಲತ್ತಿಗೆ ಸಹಿ ಹಾಕಿ’ ಎಂದರೆ, ಅವರು ಲಂಡನ್‌ನಲ್ಲಿ ಓದಿದವರಾದರೂ ಬೆಳಗಾವಿಯಲ್ಲಿ ಓದಿದವರಾದರೂ ನೀವು ಎದ್ದು ಬರಬಹುದು.

ಈಗ ಪ್ರೊಫೈಲ್ ನೋಡೋಣ. ನಮ್ಮ ದೇಶದಲ್ಲಿ ‘ಕಮರ್ಷಿಯಲ್ ಲಿಟಿಗೇಷನ್ ಸ್ಪೆಷಲಿಸ್ಟ್’ ಎಂದು ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. 1961ರ ವಕೀಲರ ಕಾಯ್ದೆಯಲ್ಲಿ ಇರುವುದು ಅಡ್ವೊಕೇಟ್ ಮತ್ತು ಸೀನಿಯರ್ ಅಡ್ವೊಕೇಟ್ ಎಂಬ ಎರಡೇ ವರ್ಗ. ಕಾನೂನು ಪದವಿ, ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ, ಈಚಿನ ವರ್ಷಗಳಲ್ಲಿ ಪದವಿ ಮುಗಿಸಿದವರಾದರೆ ಅಖಿಲ ಭಾರತ ಬಾರ್ ಪರೀಕ್ಷೆ, ಇಷ್ಟಾದರೆ ಎಲ್ಲರೂ ಎಲ್ಲ ಥರದ ಕೇಸನ್ನೂ ನಡೆಸಬಹುದು. ವೈದ್ಯರಲ್ಲಿರುವಂತೆ ಎಂಡಿ, ಡಿಎಂ ಎಂಬ ಮೆಟ್ಟಿಲುಗಳು ಇಲ್ಲಿಲ್ಲ. ಶೇ 95 ಗೆಲುವು ಎಂಬುದನ್ನಂತೂ ಮರೆತುಬಿಡಿ. ಅದನ್ನು ಲೆಕ್ಕ ಹಾಕಿದವರು ಯಾರು? ರಾಜಿಯಾದ ಕೇಸು ಗೆಲುವೋ ಸೋಲೋ? ಅಲ್ಲದೆ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ನಿಷೇಧಿಸಿದೆ. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಓದು, ನೋಂದಣಿ ಸಂಖ್ಯೆ, ಯಾವ ಕ್ಷೇತ್ರದಲ್ಲಿ ಕೆಲಸ ಮಾಡುತ್ತಾರೆ ಎಂಬಷ್ಟು ವಿವರ ಹಾಕಬಹುದು, ಗೆಲುವಿನ ಶೇಕಡಾವಾರು ಹಾಕುವಂತಿಲ್ಲ.

ಬಂದದ್ದರಲ್ಲಿ ಶೇ 20 ಎಂಬ ಮಾತು ಕೇಳಲು ಹಿತವಾಗಿದೆ, ಮೊದಲು ಕೈಯಿಂದ ಹಾಕುವುದೇ ಬೇಡವಲ್ಲ. ಆದರೆ ಫಲಿತಾಂಶದ ಮೇಲೆ ಶುಲ್ಕ ನಿಗದಿ ಮಾಡುವುದು ವೃತ್ತಿ ನಿಯಮಕ್ಕೆ ವಿರುದ್ಧ, 2017ರಲ್ಲಿ ಬಿ. ಸುನಿತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ನಿಯಮದ ಮಾತು ಹಾಗಿರಲಿ, ನಿಮ್ಮ ಲಾಭನಷ್ಟವನ್ನೇ ನೋಡಿ. ಪಾಲು ಪಡೆಯುವ ವಕೀಲರಿಗೆ, ಎರಡನೇ ತಿಂಗಳಲ್ಲಿ 15 ಲಕ್ಷಕ್ಕೆ ರಾಜಿ ಮಾಡಿಸಿ 3 ಲಕ್ಷ ಎತ್ತಿಕೊಳ್ಳುವುದೇ ಲೇಸು. ಮೂರು ವರ್ಷ ಕೋರ್ಟಿಗೆ ಅಲೆದು ಪೂರ್ತಿ ಹಣ ತರಿಸುವ ಆಸೆ ನಿಮಗಿರುತ್ತದೆ, ಅವರಿಗಿರುವುದಿಲ್ಲ. ಅಳಿಯಂದಿರು ಈ ಮಾತನ್ನು ಎಲ್ಲಿಂದ ಕೇಳಿದರೋ, ಆ ವಕೀಲರೇ ಹೇಳಿದರೋ ಅಥವಾ ನಡುವಿನ ಏಜೆಂಟ್ ಒಬ್ಬ ಹೇಳಿದನೋ, ಅದನ್ನೂ ವಿಚಾರಿಸಿ.

ಹಾಗಾದರೆ ಹಿನ್ನೆಲೆಗೆ ಬೆಲೆಯೇ ಇಲ್ಲವೇ? ಇದೆ. ವಾಣಿಜ್ಯ ದಾವೆಯಲ್ಲಿ ಬಹಳವೇ ಇದೆ. ಆದರೆ ಆ ಹಿನ್ನೆಲೆ ಪ್ರೊಫೈಲಿನಲ್ಲಿ ಬರೆದದ್ದಲ್ಲ.

ನಿಮ್ಮ ವಕೀಲ ಸಾಹೇಬರು ಜೀವನವಿಡೀ ನಡೆಸಿದ, ಆಸ್ತಿ ಪಾಲಿನ ವಿಭಾಗ ದಾವೆಯಲ್ಲಿ ಒಂದು ಪದ್ಧತಿ ಇರುತ್ತದೆ. ಮೊದಲು ದಾವೆ ಹಾಕು, ನಂಬರ್ ಬೀಳಲಿ, ಕಾಗದ ಪತ್ರ ಆಮೇಲೆ ಐಎ (ಮಧ್ಯಂತರ ಅರ್ಜಿ) ಹಾಕಿ ಹಾಜರುಪಡಿಸಿದರಾಯಿತು ಎಂಬ ಪದ್ಧತಿ. ಜಮೀನಿನ ಕೇಸಿನಲ್ಲಿ ಅದು ನಡೆಯುತ್ತದೆ, ಅಜ್ಜನ ಕಾಲದ ಪಹಣಿ ಮೂರು ವರ್ಷದ ಮೇಲೆ ಸಿಕ್ಕರೂ ನ್ಯಾಯಾಧೀಶರು ಒಪ್ಪುತ್ತಾರೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇದನ್ನು ತಲೆಕೆಳಗು ಮಾಡಿತು. ಮೊದಲು 1 ಕೋಟಿ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಜ್ಯಗಳಿಗಷ್ಟೇ ಇದ್ದ ಈ ಕಾಯ್ದೆಯನ್ನು 2018ರ ತಿದ್ದುಪಡಿ 3 ಲಕ್ಷಕ್ಕೆ ಇಳಿಸಿತು. ಹಾಗಾಗಿ ನಿಮ್ಮ 38 ಲಕ್ಷ ಇದರೊಳಗೇ ಬರುತ್ತದೆ. ಈ ಕಾಯ್ದೆಯಡಿ ನಿಮ್ಮ ಕೈಯಲ್ಲಿರುವ ಎಲ್ಲ ದಾಖಲೆಗಳನ್ನೂ, ನಿಮಗೆ ವಿರುದ್ಧವಾಗಿರುವುದನ್ನೂ ಸೇರಿಸಿ, ವಾದಪತ್ರದ ಜೊತೆಗೇ ಕೊಡಬೇಕು. ನನ್ನ ಬಳಿ ಬೇರೆ ದಾಖಲೆ ಇಲ್ಲ ಎಂದು ನೀವೇ ಪ್ರಮಾಣ ಮಾಡಬೇಕು. ಆಮೇಲೆ ತಂದರೆ ಅಂದೇ ಏಕೆ ಕೊಡಲಿಲ್ಲ ಎಂಬುದಕ್ಕೆ ತಕ್ಕ ಕಾರಣ ತೋರಿಸಿ ಅನುಮತಿ ಪಡೆಯಬೇಕು. ‘ಮರೆತಿದ್ದೆ’ ಎಂಬುದು ಕಾರಣವಲ್ಲ.

ಎದುರಾಳಿಗೂ ಅಷ್ಟೇ ಬಿಗಿ. ಸಮನ್ಸ್ ತಲುಪಿ 30 ದಿನದಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಕೋರ್ಟು ಅವಕಾಶ ಕೊಟ್ಟರೂ 120 ದಿನ ದಾಟುವಂತಿಲ್ಲ. 2019ರ ಎಸ್‌ಸಿಜಿ ಕಾಂಟ್ರ್ಯಾಕ್ಟ್ಸ್ ತೀರ್ಪಿನ ನಂತರ ಇದರಲ್ಲಿ ಸಡಿಲಿಕೆ ಇಲ್ಲ. ಸಾಕ್ಷಿ ವಿಚಾರಣೆಗೆ ಹೋಗದೆ ದಾಖಲೆಗಳ ಮೇಲೆಯೇ ತೀರ್ಪು ಕೊಡಿ ಎಂದು ಕೇಳುವ ಅವಕಾಶವೂ ಇದೆ. ಸೋತವರು ಗೆದ್ದವರ ಖರ್ಚು ಕೊಡುವುದು ಇಲ್ಲಿ ಸಾಮಾನ್ಯ ನಿಯಮ. ಮೇಲಾಗಿ ತುರ್ತು ತಡೆಯಾಜ್ಞೆಯಂಥ ಬೇಡಿಕೆ ಇಲ್ಲದಿದ್ದರೆ ದಾವೆಗೂ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮೀಡಿಯೇಷನ್‌ಗೆ (ರಾಜಿ ಸಂಧಾನಕ್ಕೆ) ಹೋಗಿ ಬರಲೇಬೇಕು. ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಹೇಳಿದ ಪ್ರಕಾರ, ಆ ಮೆಟ್ಟಿಲು ಬಿಟ್ಟು ಹಾಕಿದ ದಾವೆಯನ್ನು ತಿರಸ್ಕರಿಸಲಾಗುತ್ತದೆ. ಅದಕ್ಕಿರುವ ಅವಧಿ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಅಷ್ಟು ಸಮಯ ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಕೊನೆಯ ವಾರದವರೆಗೆ ಕಾಯದೆ ಅರ್ಜಿಯನ್ನು ಬೇಗ ಹಾಕಿಕೊಳ್ಳಿ.

ಈ ನಿಯಮಗಳ ಪರಿಣಾಮ ಒಂದೇ: ವಾಣಿಜ್ಯ ದಾವೆ ಅರ್ಧಕ್ಕಿಂತ ಹೆಚ್ಚು ಕೋರ್ಟ್ ಹಾಲ್‌ಗೆ ಹೋಗುವ ಮೊದಲೇ ನಡೆದುಹೋಗಿರುತ್ತದೆ. ಕಂಚಿನ ಕಂಠದವರಿಗಿಂತ, ನಿಮ್ಮ ಲೆಡ್ಜರ್, ಪರ್ಚೇಸ್ ಆರ್ಡರ್ (ಪಿಒ), ಮಾಲು ಕಳಿಸಿದ ಚಲನ್, ಇಮೇಲ್ ಎಲ್ಲವನ್ನೂ ಮೇಜಿನ ಮೇಲೆ ಹರವಿಕೊಂಡು ಎರಡು ದಿನ ಕೂರುವವರು ಬೇಕು. ಜೊತೆಗೆ ಅವರಿಗೆ ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಅಭ್ಯಾಸವೂ ಇರಬೇಕು. ಈ ಎರಡೂ ಒಬ್ಬರಲ್ಲೇ ಸಿಗುವುದು ಸ್ವಲ್ಪ ಅಪರೂಪ. ದೊಡ್ಡ ಫರ್ಮುಗಳಲ್ಲಿ ಬೆಳೆದ ಕೆಲವರು ಕರಡು ಚೆನ್ನಾಗಿ ಬರೆಯುತ್ತಾರೆ, ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ಬೇರೆಯವರನ್ನು ಕರೆಸುತ್ತಾರೆ. ಕೆಳ ನ್ಯಾಯಾಲಯದಲ್ಲೇ ಪಳಗಿದ ಕೆಲವರು ಸಾಕ್ಷಿಗೆ ನೀರು ಕುಡಿಸುತ್ತಾರೆ, ಬ್ಯಾಲೆನ್ಸ್ ಶೀಟ್ ಕೊಟ್ಟರೆ ಮಡಚಿ ಫೈಲಿಗೆ ಸೇರಿಸುತ್ತಾರೆ.

ನಿಮ್ಮದನ್ನೇ ಹೋಲುವ ಒಂದು ಕೇಸಿನ ಪಾಟಿ ಸವಾಲು ನನಗೆ ನೆನಪಿದೆ. ಅಲ್ಲಿಯೂ ಕೊಂಡವರು ರಿಜೆಕ್ಷನ್ ಡೆಬಿಟ್ ನೋಟ್ ತೋರಿಸಿದ್ದರು. ಮಾಲು ಕೊಟ್ಟವರ ಪರ ಬಂದಿದ್ದ ವಕೀಲೆ, ಈ ವೃತ್ತಿಗೆ ಬರುವ ಮೊದಲು ಆಡಿಟ್ ಕಚೇರಿಯಲ್ಲಿ ದುಡಿದವರು. ಕಟಕಟೆಯಲ್ಲಿದ್ದ ಪರ್ಚೇಸ್ ಮ್ಯಾನೇಜರ್ ಮಾಲಿನ ದೋಷದ ಬಗ್ಗೆ ಉದ್ದಕ್ಕೆ ಹೇಳಲು ಸಿದ್ಧವಾಗಿ ಬಂದಿದ್ದರು. ಆಕೆ ದೋಷದ ಸುದ್ದಿಯೇ ಎತ್ತಲಿಲ್ಲ. ‘ಚಲನ್ ಮೇಲೆ ನಿಮ್ಮ ಗೇಟಿನ ಇನ್‌ವರ್ಡ್ ಸೀಲ್ ಇದೆಯಲ್ಲ?’ ಇದೆ. ‘ರಿಜೆಕ್ಟ್ ಆದ ಮಾಲನ್ನು ವಾಪಸ್ ಕಳಿಸಿದ ಚಲನ್, ಇ-ವೇ ಬಿಲ್ ಇದೆಯೇ?’ ನೋಡಬೇಕು. ‘ಈ ಇನ್‌ವಾಯ್ಸ್‌ಗಳ ಮೇಲೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದೀರಾ?’ ಹೌದು. ‘ಅದನ್ನು ಹಿಂದಿರುಗಿಸಿದ್ದೀರಾ?’ ಅಕೌಂಟ್ಸ್‌ನವರನ್ನು ಕೇಳಬೇಕು. ಅಷ್ಟೇ, ಮುಗಿಸಿ ಕುಳಿತರು. ಮಾಲು ಬೇಡವೆಂದು ವಾದಿಸುತ್ತ, ಅದೇ ಮಾಲಿನ ಮೇಲಿನ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಂಡ ಲಾಭವನ್ನು ಇಟ್ಟುಕೊಂಡವರನ್ನು ನಂಬುವುದು ಯಾರಿಗಾದರೂ ಕಷ್ಟ. ಸರಬರಾಜುದಾರನಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಆ ಕ್ರೆಡಿಟ್ಟನ್ನು ಹಿಂದಿರುಗಿಸಬೇಕೆಂದು ಜಿಎಸ್‌ಟಿ ಕಾನೂನೇ ಹೇಳುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಹಿನ್ನೆಲೆ ಅಂದರೆ ನನ್ನ ಲೆಕ್ಕದಲ್ಲಿ ಇದು. ಆಕೆ ಯಾವ ಕಾಲೇಜಿನಲ್ಲಿ ಓದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಹೊರಗಿನಿಂದ ಪತ್ತೆ ಮಾಡಲು ನಿಮ್ಮ ಕೈಯಲ್ಲೇ ಒಂದು ಸಾಧನವಿದೆ, ಬಹಳ ಜನ ಬಳಸುವುದಿಲ್ಲ. ಇ-ಕೋರ್ಟ್ಸ್ ಸೇವೆಯ ವೆಬ್‌ಸೈಟಿನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆಯ್ದುಕೊಂಡರೆ ವಕೀಲರ ಹೆಸರಿನಲ್ಲಿ ಹುಡುಕಬಹುದು. ಬೆಂಗಳೂರಿನಲ್ಲಿ ವಾಣಿಜ್ಯ ದಾವೆಗಳಿಗೆ ‘ಕಾಮ್ ಓಎಸ್’ ಎಂದು ನಂಬರ್ ಕೊಡುತ್ತಾರೆ. ಆ ಹೆಸರಿನಲ್ಲಿ ಅಂಥವು ಎಷ್ಟಿವೆ, ಅವರು ಹೆಚ್ಚಾಗಿ ವಾದಿಯ ಪರವೋ ಪ್ರತಿವಾದಿಯ ಪರವೋ, ವಾಯಿದೆ ಕೇಳಿದವರು ಯಾರು, ಸಾಕ್ಷಿ ಹಂತಕ್ಕೆ ಹೋದದ್ದು ಇದೆಯೇ ಎಂದು ದೈನಂದಿನ ಆದೇಶಗಳನ್ನು ಓದಿ. ಒಂದೆರಡು ತೀರ್ಪು ಡೌನ್‌ಲೋಡ್ ಮಾಡಿ, ಸೋತದ್ದಾದರೂ ಸರಿ. ಸೋತ ತೀರ್ಪಿನಲ್ಲಿ ‘ದಾಖಲೆ ಹಾಜರುಪಡಿಸಿಲ್ಲ’, ‘ಪಾಟಿ ಸವಾಲಿನಲ್ಲಿ ಈ ಅಂಶವನ್ನು ಪ್ರಶ್ನಿಸಿಲ್ಲ’ ಎಂಬ ಸಾಲುಗಳು ಕಂಡರೆ ತಪ್ಪು ಕಾನೂನಿನದ್ದಲ್ಲ. ಒಂದೇ ಹೆಸರಿನ ಹತ್ತು ವಕೀಲರು ಇರುತ್ತಾರೆ, ಆದ್ದರಿಂದ ನೋಂದಣಿ ಸಂಖ್ಯೆ ಕೇಳಿ ತಾಳೆ ನೋಡಿ. ಕೆಎಆರ್ ಎಂದು ಶುರುವಾಗುವ ಆ ಸಂಖ್ಯೆಯ ಕೊನೆಯಲ್ಲಿ ನೋಂದಣಿಯಾದ ವರ್ಷವೇ ಇರುತ್ತದೆ, 20 ವರ್ಷದ ಅನುಭವ ನಿಜವೋ ಅಲ್ಲವೋ ಅಲ್ಲೇ ತಿಳಿಯುತ್ತದೆ. ಆ 20ರಲ್ಲಿ ಕಂಪನಿಯ ಲೀಗಲ್ ವಿಭಾಗದಲ್ಲಿ ಸಂಬಳಕ್ಕಿದ್ದ ವರ್ಷಗಳು ಎಷ್ಟು ಎಂದೂ ಕೇಳಿ. ಪೂರ್ಣಾವಧಿ ಸಂಬಳದಲ್ಲಿರುವವರು ಆ ಅವಧಿಯಲ್ಲಿ ವಕೀಲಿಕೆ ಮಾಡುವಂತಿಲ್ಲ. ಕರಾರು ಓದುವ ಅನುಭವ ಅಲ್ಲಿ ಚೆನ್ನಾಗಿ ಬರುತ್ತದೆ, ಕೋರ್ಟಿನದು ಬರುವುದಿಲ್ಲ.

ಮುಖಾಮುಖಿ ಕುಳಿತಾಗ ಒಂದು ಪ್ರಶ್ನೆ ಹಾಕಿ ನೋಡಿ: ‘ನಮ್ಮ ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಹೇಗೆ ಸಾಕ್ಷ್ಯ ಮಾಡುತ್ತೀರಿ?’ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿದರಾಯಿತು ಎಂದರೆ ಅವರು ಹಳೆಯ ಕಾಲದಲ್ಲಿದ್ದಾರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ನಿಮ್ಮದು, ಇನ್ನೊಂದು ತಜ್ಞರದು. ‘ಆ ಫೋನ್ ಈಗಲೂ ಇದೆಯೇ? ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ’ ಎಂದು ಅವರೇ ಮೊದಲು ಹೇಳಿದರೆ ಒಳ್ಳೆಯದು.

ಬೆಂಗಳೂರೋ ಬೆಳಗಾವಿಯೋ ಎಂಬುದನ್ನು ಅಳಿಯಂದಿರೂ ತೀರ್ಮಾನಿಸಲಾರರು, ನಾನೂ ತೀರ್ಮಾನಿಸಲಾರೆ. ಅದನ್ನು ಹೇಳುವುದು ನಿಮ್ಮ ಪರ್ಚೇಸ್ ಆರ್ಡರಿನ ಹಿಂಬದಿ. ಅಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಬೆಂಗಳೂರು ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿದೆ’ ಎಂದಿದ್ದರೆ, ಮುಂದೆ ‘ಮಾತ್ರ’ ಎಂಬ ಪದ ಇಲ್ಲದಿದ್ದರೂ, ಸ್ವಸ್ತಿಕ್ ಗ್ಯಾಸಸ್ ಪ್ರಕರಣದ 2013ರ ತೀರ್ಪಿನಂತೆ ನೀವು ಬೆಂಗಳೂರಿಗೇ ಹೋಗಬೇಕಾದೀತು. ಅಂಥ ಷರತ್ತು ಇಲ್ಲದಿದ್ದರೆ, ವ್ಯವಹಾರದ ಒಂದು ಭಾಗ ಬೆಳಗಾವಿಯಲ್ಲಿ ನಡೆದಿದೆ ಎಂಬ ಆಧಾರದ ಮೇಲೆ ನಿಮ್ಮ ಜಿಲ್ಲೆಯಲ್ಲೇ ಹಾಕಲು ವಾದವಿದೆ. ಅದೇ ಹಿಂಬದಿಯಲ್ಲಿ, ವ್ಯಾಜ್ಯವನ್ನು ಕೋರ್ಟಿನ ಹೊರಗೆ ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ ಆರ್ಬಿಟ್ರೇಷನ್ ಕಲಮಿದ್ದರೆ ಎದುರಾಳಿ ಮೊದಲ ಹೇಳಿಕೆಗೂ ಮುನ್ನ ಅದನ್ನೇ ಎತ್ತುತ್ತಾರೆ, ದಾವೆ ಅಲ್ಲಿಗೆ ನಿಲ್ಲುತ್ತದೆ. ಪಿಒ ಹಿಂಬದಿ ತಿರುಗಿಸಿ ಓದದ ವಕೀಲರು ನಿಮಗೆ ಬೇಡ.

ಇನ್ನೊಂದು ದಾರಿಯ ಬಗ್ಗೆ ಇಬ್ಬರೂ ನಿಮಗೆ ಹೇಳಿಲ್ಲವೆಂದು ಕಾಣುತ್ತದೆ. ನಿಮ್ಮದು ಸೂಕ್ಷ್ಮ ಅಥವಾ ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಆಗಿದೆಯೇ? ಆಗಿದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯಡಿ, ಇಂಥ ಬಾಕಿಯ ವ್ಯಾಜ್ಯ ನೋಡುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು. ಕೊಂಡವರು ದೇಶದ ಎಲ್ಲೇ ಇರಲಿ, ಸರಬರಾಜುದಾರ ಇರುವ ಕಡೆಯ ಕೌನ್ಸಿಲ್‌ಗೇ ಅಧಿಕಾರ. ಕರಾರಿನಲ್ಲಿ ಎಷ್ಟೇ ಬರೆದುಕೊಂಡರೂ 45 ದಿನ ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಕೌನ್ಸಿಲ್ ಕಡೆಯಿಂದ ನಿಮ್ಮ ಪರ ಅವಾರ್ಡ್ (ತೀರ್ಪು) ಬಂದರೆ, ಅದನ್ನು ಪ್ರಶ್ನಿಸಲು ಅವರು ಮೊತ್ತದ ಶೇ 75ರಷ್ಟನ್ನು ಕೋರ್ಟಿನಲ್ಲಿ ಇಡಬೇಕು. ಇದು ನಿಜವಾದ ಬಲ. ತೊಡಕೆಂದರೆ, ಮಾಲು ಕಳಿಸಿದ ನಂತರ ನೋಂದಣಿ ಮಾಡಿಸಿದ್ದರೆ ಹಿಂದಿನ ಸರಬರಾಜಿಗೆ ಈ ಲಾಭ ಸಿಗದೆಂದು 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳಿತು. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದೆ. ಕಾಯ್ದೆಯಲ್ಲಿ 90 ದಿನದೊಳಗೆ ತೀರ್ಮಾನ ಎಂದಿದೆ, ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ.

ದಿವಾಳಿ ಅರ್ಜಿ ಹಾಕಿ ಹೆದರಿಸೋಣ ಎಂದು ಯಾರಾದರೂ ಹೇಳಿದರೆ, 2020ರ ಮಾರ್ಚ್‌ನಿಂದ ಅದರ ಕನಿಷ್ಠ ಮಿತಿ 1 ಕೋಟಿ ಎಂದು ನೆನಪಿಸಿ. ಪೊಲೀಸ್ ಠಾಣೆಯಲ್ಲಿ ವಂಚನೆ ದೂರು ಕೊಡಿ ಎನ್ನುವವರೂ ಸಿಗುತ್ತಾರೆ. ವರ್ಷಗಟ್ಟಲೆ ನಡೆದ ವ್ಯಾಪಾರದ ಬಾಕಿ ಅಷ್ಟಕ್ಕೇ ವಂಚನೆಯಾಗುವುದಿಲ್ಲ. ಅವರು ಕೊಟ್ಟ ಚೆಕ್ ಇತ್ತೀಚೆಗೆ ಬೌನ್ಸ್ ಆಗಿದ್ದರೆ ಮಾತ್ರ ಬೇರೆ ಮಾತು. ಅದಕ್ಕೆ ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು.

ಇವರಿಬ್ಬರಲ್ಲಿ ಯಾರು ಎಂದು ನನ್ನನ್ನೇ ಕೇಳಿದರೆ, ಹಿರಿಯರನ್ನು ಬಿಡಬೇಡಿ, ಅವರೊಬ್ಬರ ಮೇಲೆಯೇ ಹಾಕಲೂಬೇಡಿ ಎನ್ನುತ್ತೇನೆ. ನಿಮ್ಮ ಫೌಂಡ್ರಿ, ನಿಮ್ಮ ಮನುಷ್ಯರು, ಯಾವ ಸೂಪರ್‌ವೈಸರ್ ಕಟಕಟೆಯಲ್ಲಿ ತಡವರಿಸುತ್ತಾನೆ ಎಂಬುದು ಅವರಿಗೆ ಗೊತ್ತು. ಒಂದೇ ವಕಾಲತ್ತಿನಲ್ಲಿ ಇಬ್ಬರು ಇರಬಹುದು. ವಾಣಿಜ್ಯ ಕೋರ್ಟಿನ ರೂಢಿ ಇರುವವರು ವಾದಪತ್ರ, ದಾಖಲೆ ನೋಡಿಕೊಳ್ಳಲಿ, ಸಾಕ್ಷಿಗಳ ಸಿದ್ಧತೆಗೆ ಸಾಹೇಬರಿರಲಿ. ಆ ರೂಢಿ ಇರುವವರು ಬೆಳಗಾವಿ, ಧಾರವಾಡದ ಬಾರ್‌ನಲ್ಲೂ ಇದ್ದಾರೆ. ಹೈಕೋರ್ಟ್ ಪೀಠ ಧಾರವಾಡದಲ್ಲಿ ನೆಲೆಸಿದ ಮೇಲೆ ಆ ಭಾಗದ ಯುವ ವಕೀಲರು ಈ ಕೆಲಸಕ್ಕೆ ಹೆಚ್ಚಾಗಿ ಬಂದಿದ್ದಾರೆ. ಫರ್ಮ್‌ಗೇ ಹೋಗುವುದಾದರೆ ಪಾಲುದಾರರ ಹೆಸರಿಗಿಂತ, ವಿಚಾರಣೆಯ ದಿನ ನಿಜವಾಗಿ ನಿಲ್ಲುವವರ ಹೆಸರು ಕೇಳಿ, ಅವರನ್ನೇ ಭೇಟಿಯಾಗಿ. ಸೀನಿಯರ್ ಅಡ್ವೊಕೇಟರನ್ನು ಕರೆಸುವ ಮಾತು ಬಂದರೆ ಅವರ ಶುಲ್ಕ ಬೇರೆ ಎಂಬುದು ಮೊದಲೇ ಗೊತ್ತಿರಲಿ. ಅವರು ನೇರವಾಗಿ ನಿಮ್ಮಿಂದ ಕೇಸು ತೆಗೆದುಕೊಳ್ಳುವಂತಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು. ಶುಲ್ಕವನ್ನು ಮೀಡಿಯೇಷನ್, ವಾದಪತ್ರ, ಸಾಕ್ಷಿ, ವಾದ, ಅಮಲ್ಜಾರಿ (ಡಿಕ್ರಿಯ ಹಣ ವಸೂಲಿ) ಎಂದು ಹಂತಹಂತವಾಗಿ ಬರೆಸಿಕೊಳ್ಳಿ.

ಅಮಲ್ಜಾರಿಯನ್ನು ಬೇಕೆಂದೇ ಸೇರಿಸಿದ್ದೇನೆ. ಡಿಕ್ರಿ ಬಂದ ದಿನ ಹಣ ಬರುವುದಿಲ್ಲ. ದಾವೆಗೆ ಮೊದಲೇ ಆ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಿಂದ ಹಣ ಕಟ್ಟಿ ತೆಗೆಸಿ. ಯಂತ್ರ, ಜಾಗ ಎಲ್ಲವೂ ಬ್ಯಾಂಕಿಗೆ ಅಡವಿದೆಯೇ ಎಂದು ಅಲ್ಲಿ ಕಾಣುತ್ತದೆ. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಬಾಕಿಯನ್ನು ಅವರು ಅದರಲ್ಲಿ ತೋರಿಸಿರಲೂಬಹುದು. ಬ್ಯಾಲೆನ್ಸ್ ಶೀಟಿನ ನಮೂದು ಸಾಲದ ಒಪ್ಪಿಗೆಯಾಗಬಲ್ಲದು ಎಂದು ಬಿಶಾಲ್ ಜೈಸ್ವಾಲ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟಿಪ್ಪಣಿಯ ಒಕ್ಕಣೆ ನಿಮ್ಮ ಬಾಕಿಗೆ ಹೊಂದಿದರೆ, ನಾನು ಮೊದಲು ಹೇಳಿದ ಹಳೆಯ ಇನ್‌ವಾಯ್ಸ್‌ಗಳಿಗೂ ಜೀವ ಬರಬಹುದು.

ಕೊನೆಯದಾಗಿ, ನಡುವೆ ವಕೀಲರನ್ನು ಬದಲಿಸಬೇಕಾಗಿ ಬಂದರೆ ಹೆದರಬೇಡಿ. ಫೀಸ್ ಬಾಕಿ ಇದೆ ಎಂದು ನಿಮ್ಮ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಇದು ತೀರ್ಮಾನವಾಗಿದೆ. ಬಾಕಿ ಇದ್ದರೆ ಅದಕ್ಕೆ ಅವರು ಬೇರೆ ದಾರಿ ನೋಡಿಕೊಳ್ಳಬೇಕು. ಆದರೂ ಮೂಲ ಚಲನ್‌ಗಳನ್ನು ಕೋರ್ಟ್ ಕೇಳುವವರೆಗೆ ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ, ವಕೀಲರಿಗೆ ಸ್ಕ್ಯಾನ್ ಕೊಡಿ, ಕೊಟ್ಟದ್ದಕ್ಕೆಲ್ಲ ಒಂದು ಪಟ್ಟಿ ಬರೆದು ಸಹಿ ಮಾಡಿಸಿಕೊಳ್ಳಿ.